ಒಂದೇ ಅಕ್ಷರದ ಮೇಲೆ ಒಂದು ಗಂಟೆಯ ಪದವಿನೋದ: ‘ಹ’ಕಾರವನ್ನು ಹಿಡಿದು ಆಡಿಸುವ ಬಗೆ

ಶಾಲೆಯ ಕನ್ನಡ ಸಂಘದಲ್ಲಿ, ಬಡಾವಣೆಯ ರಾಜ್ಯೋತ್ಸವದಲ್ಲಿ, ಹೊರದೇಶಗಳಲ್ಲಿ ವಾರಾಂತ್ಯಕ್ಕೆ ನಡೆಯುವ ಕನ್ನಡ ತರಗತಿಗಳಲ್ಲಿ ಒಂದು ಅಕ್ಷರವನ್ನು ಕೊಟ್ಟು ಅದರಿಂದ ಆರಂಭವಾಗುವ ಪದಗಳನ್ನು ಹೇಳಿಸುವ ಆಟ ಸಾಮಾನ್ಯವಾಗಿದೆ. ಮೊದಲ ಕೆಲವು ನಿಮಿಷ ಎಲ್ಲರೂ ಉತ್ಸಾಹದಿಂದ ಕೂಗುತ್ತಾರೆ. ಪದಗಳು ಮುಗಿಯುತ್ತ ಬಂದಂತೆ ಆಟ ನಿಘಂಟನ್ನು ಒಪ್ಪಿಸುವ ಕೆಲಸವಾಗಿಬಿಡುತ್ತದೆ. ಪದಗಳನ್ನು ಎಣಿಸುವುದನ್ನು ಬಿಟ್ಟು, ಪ್ರತಿಯೊಂದು ಪದವೂ ಆ ಅಕ್ಷರಕ್ಕೆ ಎಲ್ಲಿಂದ ಬಂದು ಸೇರಿತು ಎಂದು ಕೇಳತೊಡಗಿದರೆ ಅದೇ ಆಟ ಒಂದು ಗಂಟೆಯವರೆಗೂ ಸೊರಗದೆ ನಡೆಯುತ್ತದೆ. ಅದಕ್ಕೆ ತಯಾರಿ ಹೇಗೆ ಮಾಡಿಕೊಳ್ಳಬೇಕು ಎಂಬುದನ್ನು ‘ಹ’ಕಾರದ ಮೂಲಕ ಇಲ್ಲಿ ವಿವರಿಸಲಾಗಿದೆ.

ಅಕ್ಷರದ ಆಯ್ಕೆಯಲ್ಲಿ ಸ್ವಲ್ಪ ಎಚ್ಚರ ಬೇಕು. ‘ಳ’ ಮತ್ತು ‘ಣ’ಗಳಿಂದ ಕನ್ನಡದಲ್ಲಿ ಪದಗಳು ಆರಂಭವಾಗುವುದಿಲ್ಲ, ‘ಠ’, ‘ಢ’, ‘ಝ’ಗಳಿಂದ ಆರಂಭವಾಗುವ ಪದಗಳು ಬೆರಳೆಣಿಕೆಯಷ್ಟು. ‘ಕ’ ಅಥವಾ ‘ಮ’ ತೆಗೆದುಕೊಂಡರೆ ಪದಗಳು ಬೇಕಾದಷ್ಟು ಸಿಗುತ್ತವೆ, ಆದರೆ ಅವನ್ನೆಲ್ಲ ಕಟ್ಟಿಹಾಕುವ ಒಂದೇ ಎಳೆ ಸಿಗುವುದಿಲ್ಲ. ‘ಹ’ಕಾರದಲ್ಲಿ ಎರಡೂ ಇವೆ. ನಾವು ದಿನವೂ ಬಳಸುವ ಹಾಲು, ಹೂವು, ಹುಲಿ, ಹೆಸರು, ಹಳ್ಳಿ, ಹೊಲ, ಹಣ್ಣು, ಹಲ್ಲು ಇವೆಲ್ಲವೂ ಹಳಗನ್ನಡದಲ್ಲಿ ‘ಪ’ಕಾರದಿಂದ ಆರಂಭವಾಗುತ್ತಿದ್ದವು: ಪಾಲ್, ಪೂ, ಪುಲಿ, ಪೆಸರ್, ಪಳ್ಳಿ, ಪೊಲ, ಪಣ್, ಪಲ್. ತಮಿಳು, ಮಲೆಯಾಳಂ, ತೆಲುಗು ಮತ್ತು ತುಳುಗಳು ಬಹುಮಟ್ಟಿಗೆ ಪಕಾರವನ್ನೇ ಉಳಿಸಿಕೊಂಡವು. ಕನ್ನಡ ಮಾತ್ರ ತುಟಿಗಳನ್ನು ಸೇರಿಸುವ ಶ್ರಮವನ್ನು ಬಿಟ್ಟು ಗಂಟಲಿನ ಉಸಿರಿಗೆ ಇಳಿಯಿತು. ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಕಾಣತೊಡಗಿದ ಈ ಬದಲಾವಣೆ ಮುಂದಿನ ಕೆಲವು ಶತಮಾನಗಳಲ್ಲಿ ಭಾಷೆಯನ್ನೆಲ್ಲ ವ್ಯಾಪಿಸಿತು. ‘ಹಳಗನ್ನಡ’, ‘ಹೊಸಗನ್ನಡ’ ಎಂಬ ಹೆಸರುಗಳಲ್ಲಿರುವ ‘ಹಳ’ ಮತ್ತು ‘ಹೊಸ’ಗಳೂ ಹಿಂದೆ ‘ಪೞ’ ಮತ್ತು ‘ಪೊಸ’ ಆಗಿದ್ದವು ಎಂಬುದನ್ನು ಆರಂಭದಲ್ಲಿಯೇ ಹೇಳಿಬಿಟ್ಟರೆ ಸಭಿಕರಿಗೆ ಆಟದ ದಾರಿ ತಿಳಿಯುತ್ತದೆ.

ಪದಗಳನ್ನು ಕೂಡಿಹಾಕುವುದು ಮತ್ತು ವಿಂಗಡಿಸುವುದು

ಮೊದಲು ಹಕಾರದಿಂದ ಆರಂಭವಾಗುವ ಅರವತ್ತು ಎಪ್ಪತ್ತು ಪದಗಳನ್ನು ಚಿಕ್ಕ ಚೀಟಿಗಳಲ್ಲಿ, ಒಂದು ಚೀಟಿಗೆ ಒಂದು ಪದದಂತೆ, ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ನಿಘಂಟಿನಿಂದ ಎತ್ತುವುದಕ್ಕಿಂತ ಮನೆಯನ್ನೇ ಒಂದು ಸುತ್ತು ನೋಡಿ ಬರೆಯುವುದು ಮೇಲು. ಅಡುಗೆಮನೆಯೊಂದರಲ್ಲಿಯೇ ಹಾಲು, ಹಿಟ್ಟು, ಹುಳಿ, ಹುಣಸೆ, ಹುರುಳಿ, ಹೆಸರುಕಾಳು, ಹಪ್ಪಳ, ಹೋಳಿಗೆ, ಹಾಗಲಕಾಯಿ, ಹೀರೆಕಾಯಿ, ಹಲಸು ಸಿಗುತ್ತವೆ. ಪ್ರಾಣಿಗಳ ಸಾಲಿನಲ್ಲಿ ಹುಲಿ, ಹಂದಿ, ಹಾವು, ಹಸು, ಹಲ್ಲಿ, ಹದ್ದು, ಹುಂಜ, ಹೇನು, ಹುಳು, ಹೆಗ್ಗಣಗಳು ತಾವಾಗಿಯೇ ಬಂದು ಕೂರುತ್ತವೆ.

ಚೀಟಿಗಳು ಸಿದ್ಧವಾದ ಮೇಲೆ ಅವನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಬೇಕು. ಆಟದ ನಿಜವಾದ ರುಚಿ ಇರುವುದು ಈ ಹಂತದಲ್ಲಿ; ಆದ್ದರಿಂದ ಸಂಘಟಕರು ಇದನ್ನು ಮನೆಯಲ್ಲಿಯೇ ಮುಗಿಸಿಕೊಂಡು ಬಂದು ಉತ್ತರಗಳನ್ನು ಓದಿ ಹೇಳುವುದಕ್ಕಿಂತ, ಚೀಟಿಗಳನ್ನು ಸಭಿಕರ ಮುಂದೆ ಸುರಿದು ಅವರಿಂದಲೇ ವಿಂಗಡಿಸುವುದು ಒಳ್ಳೆಯದು.

ಮೊದಲ ಗುಂಪು ಪಕಾರದಿಂದ ಬಂದ ಅಚ್ಚಗನ್ನಡ ಪದಗಳದು. ಇವನ್ನು ಗುರುತಿಸಲು ಹಕಾರದ ಜಾಗದಲ್ಲಿ ಪಕಾರವನ್ನಿಟ್ಟು, ಸಭೆಯಲ್ಲಿರುವ ತಮಿಳು, ತೆಲುಗು, ಮಲೆಯಾಳಂ ಅಥವಾ ತುಳು ಬಲ್ಲವರನ್ನು ಕೇಳಿದರೆ ಸಾಕು. ಬೆಂಗಳೂರಿನ ಯಾವ ಕಟ್ಟಡದಲ್ಲಾದರೂ ಅಂಥವರು ಒಬ್ಬರಾದರೂ ಇರುತ್ತಾರೆ, ಮತ್ತು ಕನ್ನಡದ ಆಟದಲ್ಲಿ ತಮ್ಮ ಭಾಷೆಗೂ ಒಂದು ಪಾತ್ರವಿದೆ ಎಂದು ತಿಳಿದಾಗ ಅವರು ಎಲ್ಲರಿಗಿಂತ ಹೆಚ್ಚು ಉತ್ಸಾಹ ತೋರಿಸುತ್ತಾರೆ. ನಮ್ಮ ಹೆಸರುಕಾಳನ್ನು ತೆಲುಗಿನವರ ಪೆಸರಟ್ಟಿನಲ್ಲಿ, ಹಿಟ್ಟನ್ನು ಕೇರಳದ ಪುಟ್ಟಿನಲ್ಲಿ, ಹುಲಿಯನ್ನು ಮಂಗಳೂರಿನ ಪಿಲಿಕುಳದಲ್ಲಿ ಮತ್ತು ದಸರೆಯ ಪಿಲಿವೇಷದಲ್ಲಿ, ಹಳ್ಳಿಯನ್ನು ತಿರುಚಿರಾಪಳ್ಳಿಯಲ್ಲಿ ತೋರಿಸಬಹುದು. ತುಳುವಿನ ಪಂಜಿ ನಮ್ಮ ಹಂದಿ. ತಮಿಳಿನ ಪಾಗಲ್ ನಮ್ಮ ಹಾಗಲ. ತಿಂಡಿಯ ವಿಷಯದಲ್ಲಿ ಒಂದು ವಿಚಿತ್ರವನ್ನೂ ಗಮನಿಸಬಹುದು: ಹುಳಿ ಕನ್ನಡದಲ್ಲಿ ಹಕಾರಕ್ಕೆ ತಿರುಗಿತಾದರೂ ಪುಳಿಯೋಗರೆ ಮಾತ್ರ ತನ್ನ ಪಕಾರವನ್ನು ಬಿಟ್ಟುಕೊಡಲಿಲ್ಲ. ದಕ್ಷಿಣ ಕನ್ನಡದ ಪುನರ್ಪುಳಿ ಶರಬತ್ತಿನಲ್ಲಿರುವುದೂ ಅದೇ ಪುಳಿ.

ಎರಡನೆಯ ಗುಂಪಿನಲ್ಲಿ ಸಂಸ್ಕೃತ ಮತ್ತು ಪ್ರಾಕೃತದ ಪಕಾರದಿಂದ ಬಂದು ಕನ್ನಡದ ದಾರಿಯನ್ನೇ ಹಿಡಿದ ತದ್ಭವಗಳಿವೆ. ಪಕ್ಷಿ ಹಕ್ಕಿಯಾಯಿತು, ಪರ್ವ ಹಬ್ಬವಾಯಿತು, ಪೂರ್ಣಿಮೆ ಹುಣ್ಣಿಮೆಯಾಯಿತು, ಪ್ರವಾಳ ಹವಳವಾಯಿತು, ಪಿತ್ತಲ ಹಿತ್ತಾಳೆಯಾಯಿತು, ಪ್ರಾಯ ಹರೆಯವಾಯಿತು, ಪುಸ್ತಕ ಹೊತ್ತಗೆಯಾಯಿತು. ಶಾಲೆಯಲ್ಲಿ ತತ್ಸಮ ತದ್ಭವಗಳ ಪಟ್ಟಿಯನ್ನು ಉರು ಹೊಡೆದವರಿಗೆಲ್ಲ ಈ ಜೋಡಿಗಳು ನೆನಪಿರುತ್ತವೆ. ಆದರೆ ಆ ಪಟ್ಟಿಯ ಹಿಂದೆ ಹಾಲು ಹೂವುಗಳನ್ನು ಬದಲಿಸಿದ ನಿಯಮವೇ ಇದೆ ಎಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಹೊರಗಿನಿಂದ ಬಂದ ಪದವೊಂದು ಮನೆಮಾತಿನ ನಿಯಮಕ್ಕೆ ಒಳಪಟ್ಟಿದೆ ಎಂದರೆ ಅದು ಬದಲಾವಣೆ ನಡೆಯುವುದಕ್ಕೆ ಮೊದಲೇ ಬಂದು ಜನರ ನಾಲಗೆಯಲ್ಲಿ ನೆಲೆಸಿತ್ತು ಎಂದು ಊಹಿಸಬಹುದು. ಈಚೆಗೆ ಬಂದ ಪೆನ್ನು, ಪೇಪರುಗಳು ಹೆನ್ನು, ಹೇಪರು ಆಗಲಿಲ್ಲ. ಈ ತರ್ಕವನ್ನು ಹೈಸ್ಕೂಲಿನ ಮಕ್ಕಳು ತಕ್ಷಣ ಹಿಡಿಯುತ್ತಾರೆ.

ಮೂರನೆಯದು ಹುಟ್ಟಿನಿಂದಲೇ ಹಕಾರವಿರುವ ಸಂಸ್ಕೃತ ಪದಗಳ ಗುಂಪು: ಹಸ್ತ, ಹಂಸ, ಹೃದಯ, ಹಿತ, ಹೋಮ. ನಾಲ್ಕನೆಯದು ಅರಬ್ಬಿ, ಫಾರಸಿ ಮೂಲದಿಂದ ಆಡಳಿತ, ವ್ಯಾಪಾರ ಮತ್ತು ಅಡುಗೆಯ ದಾರಿಯಲ್ಲಿ ಬಂದ ಹಕ್ಕು, ಹವಾ, ಹುಕುಂ, ಹಾಜರು, ಹಮಾಲ, ಹಂಗಾಮಿ, ಹುಷಾರು, ಹಲ್ವದಂಥ ಪದಗಳದು. ಹೋಟೆಲಿನಂಥ ಇಂಗ್ಲಿಷ್ ಪದಗಳನ್ನೂ ಇಲ್ಲಿಯೇ ಸೇರಿಸಿಬಿಡಿ. ಈ ಎರಡು ಗುಂಪುಗಳ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

ಸಂದೇಹ ಬಂದ ಪದಗಳನ್ನು ಪರಿಶೀಲಿಸಿಯೇ ಚೀಟಿಗೆ ಹಾಕಬೇಕು, ಏಕೆಂದರೆ ಪಕಾರವನ್ನಿಟ್ಟು ನೋಡುವ ಉಪಾಯ ಕೆಲವೊಮ್ಮೆ ಮೋಸ ಮಾಡುತ್ತದೆ. ‘ಹಿತ’ದಲ್ಲಿ ಪಕಾರವನ್ನಿಟ್ಟರೆ ‘ಪಿತ’ ಎಂಬ ಪದ ಸಿಗುತ್ತದೆ, ಆದರೆ ಎರಡಕ್ಕೂ ಯಾವ ನಂಟೂ ಇಲ್ಲ. ಕುಡಿಯುವ ‘ಹಾಲು’ ಮತ್ತು ಆಸ್ತಿಯ ‘ಪಾಲು’ ಬೇರೆ ಬೇರೆ ಪದಗಳು. ಪರಿಶೀಲನೆಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟ್ಟೆಲ್ ನಿಘಂಟು ಇಂದಿಗೂ ಬಹಳ ಉಪಯುಕ್ತ. ಅದು ಪದಗಳ ಜೊತೆಗೆ ಸೋದರ ಭಾಷೆಗಳ ರೂಪಗಳನ್ನೂ ಕೊಡುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಹತ್ತಿರದ ಗ್ರಂಥಾಲಯದಲ್ಲಿದ್ದರೆ ಶಾಸನ ಮತ್ತು ಕಾವ್ಯಗಳ ಪ್ರಯೋಗಗಳೂ ಸಿಗುತ್ತವೆ. ಎರಡನ್ನು ನೋಡುವಾಗಲೂ ಹಕಾರದ ಪುಟಗಳಿಗೆ ನಿಲ್ಲದೆ ಪಕಾರದ ಪುಟಗಳನ್ನೂ ತಿರುವಿಹಾಕಬೇಕು.

ಎಣಿಕೆಯ ಸುತ್ತು

ಆಟದ ಮೊದಲ ಸುತ್ತಿಗೆ ಸಂಖ್ಯೆಗಳಿಗಿಂತ ಉತ್ತಮವಾದ ವಸ್ತು ಇಲ್ಲ, ಏಕೆಂದರೆ ಉತ್ತರ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ, ಆದರೆ ಯಾರೂ ಅದನ್ನು ಗಮನಿಸಿರುವುದಿಲ್ಲ. ಹತ್ತರಿಂದ ಹತ್ತೊಂಬತ್ತರವರೆಗೆ ಎಣಿಸಲು ಹೇಳಿ. ಹತ್ತು ಸಂಖ್ಯೆಗಳೂ ಹಕಾರದಿಂದಲೇ ಆರಂಭವಾಗುತ್ತವೆ. ಇಪ್ಪತ್ತಕ್ಕೆ ಬಂದ ಕೂಡಲೇ ಹಕಾರ ಮಾಯವಾಗುತ್ತದೆ. ಏಕೆ ಎಂದು ಕೇಳಿ, ಸ್ವಲ್ಪ ಕಾಯಿರಿ.

ಹತ್ತರ ಹಳೆಯ ರೂಪ ‘ಪತ್ತು’. ಪದದ ಮೊದಲಲ್ಲಿ ಒಂಟಿಯಾಗಿ ನಿಂತ ಪಕಾರ ಹಕಾರವಾಯಿತು. ಸಮಾಸದ ನಡುವೆ ಸಿಕ್ಕಿಕೊಂಡ ಪಕಾರ ಬೇರೆ ದಾರಿಗಳನ್ನು ಹಿಡಿಯಿತು. ದ್ವಿತ್ವವಾದ, ಅಂದರೆ ‘ಪ್ಪ’ ಎಂದು ಇಮ್ಮಡಿಸಿದ ಕಡೆ ಅದು ಪಕಾರವಾಗಿಯೇ ಉಳಿಯಿತು: ಇಪ್ಪತ್ತು, ಎಪ್ಪತ್ತು. ಸ್ವರದ ನಂತರ ಬಂದಲ್ಲಿ ವಕಾರವಾಯಿತು: ಮೂವತ್ತು, ನಲವತ್ತು, ಐವತ್ತು, ಅರವತ್ತು. ಅನುನಾಸಿಕದ ನಂತರ ಬಂದಲ್ಲಿ ಬಕಾರವಾಯಿತು: ಒಂಬತ್ತು, ಎಂಬತ್ತು, ತೊಂಬತ್ತು. ಹೀಗೆ ಒಂದೇ ‘ಪತ್ತು’ ನಾಲ್ಕು ವೇಷಗಳಲ್ಲಿ ನೂರರ ಒಳಗೆ ಓಡಾಡುತ್ತಿದೆ. ಹತ್ತೊಂಬತ್ತನ್ನು ಕಪ್ಪು ಹಲಗೆಯ ಮೇಲೆ ಬಿಡಿಸಿ ಬರೆದರೆ, ಅದೊಂದರಲ್ಲಿಯೇ ‘ಪತ್ತು’ ಎರಡು ಸಲ, ಒಮ್ಮೆ ‘ಹತ್ತು’ ಎಂದೂ ಮತ್ತೊಮ್ಮೆ ‘ಬತ್ತು’ ಎಂದೂ, ಅಡಗಿ ಕುಳಿತಿರುವುದು ಕಾಣುತ್ತದೆ. ಅಪ್ಪ, ಉಪ್ಪು, ತುಪ್ಪ, ಕಪ್ಪು ಎಂಬ ಪದಗಳು ಏಕೆ ಬದಲಾಗಲಿಲ್ಲ ಎಂಬುದಕ್ಕೂ ಇಲ್ಲಿ ಕಂಡ ದ್ವಿತ್ವವೇ ಉತ್ತರ.

ಇದೇ ನಿಯಮದ ಮೇಲೆ ಇನ್ನೊಂದು ಪ್ರಶ್ನೆಯನ್ನು ಕಟ್ಟಬಹುದು. ಹೆಬ್ಬುಲಿ ಮತ್ತು ಹೆಬ್ಬಾವುಗಳಲ್ಲಿ ‘ಹುಲಿ’ಯೂ ‘ಹಾವೂ’ ಇದ್ದರೂ ಅಲ್ಲಿ ಕಾಣುವುದು ‘ಬುಲಿ’ ಮತ್ತು ‘ಬಾವು’. ದೊಡ್ಡದು ಎಂಬ ಅರ್ಥದ ‘ಪೆರ್’ ಎಂಬುದಕ್ಕೆ ‘ಪುಲಿ’, ‘ಪಾವು’ ಸೇರಿದಾಗ ಮೊದಲ ಪಕಾರ ಹಕಾರವಾಯಿತು, ಒಳಗಿನದು ಬಕಾರವಾಯಿತು. ಹೆದ್ದಾರಿ, ಹೆಮ್ಮರ, ಹೆಜ್ಜೇನು, ಹೆಬ್ಬಾಗಿಲು, ಹೆಬ್ಬೆರಳುಗಳ ಮೊದಲ ಭಾಗವೂ ಅದೇ ‘ಪೆರ್’ ಎಂದು ಹೇಳಿ, ಇಂಥ ಇನ್ನಷ್ಟು ಪದಗಳನ್ನು ತಂಡಗಳಿಂದ ಹೊರಡಿಸಿ.

ಊರುಗಳ ಸುತ್ತು

ನಕ್ಷೆಯೊಂದನ್ನು ಗೋಡೆಗೆ ತೂಗುಹಾಕಿ ಈ ಸುತ್ತನ್ನು ನಡೆಸಿದರೆ ಚೆನ್ನಾಗಿರುತ್ತದೆ. ಸುಲಭದ ಪ್ರಶ್ನೆಯಿಂದ ಆರಂಭಿಸಿ: ಕರ್ನಾಟಕದ 31 ಜಿಲ್ಲೆಗಳಲ್ಲಿ ಹಕಾರದಿಂದ ಆರಂಭವಾಗುವವು ಯಾವುವು? ಹಾಸನ ಮತ್ತು ಹಾವೇರಿ, ಎರಡೇ. ನದಿಗಳಲ್ಲಿ ಹೇಮಾವತಿ, ಹಾರಂಗಿ, ಹಗರಿಗಳಿವೆ.

ಅನಂತರ ಹಳೆಯ ಹೆಸರನ್ನು ಕೊಟ್ಟು ಇಂದಿನ ಊರನ್ನು ಗುರುತಿಸಲು ಹೇಳಿ. ಕದಂಬರ ಶಾಸನಗಳ ಪಲಾಶಿಕೆ ಖಾನಾಪುರ ತಾಲ್ಲೂಕಿನ ಹಲಸಿಯಾಗಿದೆ. ಪಾನುಂಗಲ್ ಹಾನಗಲ್ಲಾಗಿದೆ. ಪೊಂಬುರ್ಚ ಎಂಬುದು ಶಿವಮೊಗ್ಗ ಜಿಲ್ಲೆಯ ಹೊಂಬುಜ ಅಥವಾ ಹುಂಚವಾಗಿದೆ. ಪಂಪಾ ಎಂಬ ಹೆಸರಿನಿಂದ ಹಂಪೆ ಬಂದಿದೆ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಎರಡು ಈ ಸುತ್ತಿಗೆ ಹೇಳಿ ಮಾಡಿಸಿದಂತಿವೆ: ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಮತ್ತು ಕಿಸುವೊಳಲ್, ಅಂದರೆ ಪಟ್ಟದಕಲ್ಲು. ಕೆಂಪು ಎಂಬ ಅರ್ಥದ ‘ಕಿಸು’ವಿಗೆ ಪಟ್ಟಣ ಎಂಬ ಅರ್ಥದ ‘ಪೊಳಲ್’ ಸೇರಿ ಪಕಾರ ವಕಾರವಾಗಿರುವುದನ್ನು, ಮೂವತ್ತು ನಲವತ್ತುಗಳನ್ನು ಈಗತಾನೇ ಬಿಡಿಸಿದ ಸಭಿಕರು ತಾವೇ ಕಂಡುಹಿಡಿಯುತ್ತಾರೆ.

ಹೊಯ್ಸಳರ ಕಥೆಯನ್ನು ಇಲ್ಲಿ ಬಿಡುವಂತಿಲ್ಲ. ಹುಲಿಯ ಮೇಲೆರಗಲು ಜೈನಮುನಿ ‘ಪೊಯ್ ಸಳ’ ಎಂದು ಹೇಳಿದರೆಂಬ ಐತಿಹ್ಯವನ್ನು ಎಲ್ಲರೂ ಕೇಳಿರುತ್ತಾರೆ. ಅದು ಐತಿಹ್ಯವೇ ಹೊರತು ಇತಿಹಾಸವಲ್ಲ ಎಂದು ಸ್ಪಷ್ಟಪಡಿಸಿಯೇ ಹೇಳಬೇಕು. ಆದರೆ ಹಳೆಯ ಶಾಸನಗಳಲ್ಲಿ ಆ ವಂಶದ ಹೆಸರು ‘ಪೊಯ್ಸಳ’ ಎಂದೇ ಇರುವುದು ನಿಜ. ‘ಪೊಯ್’ ಎಂದರೆ ಹೊಡೆ. ಇಂದಿನ ‘ಹೊಯ್’ ಅದರದೇ ರೂಪ.

ಈ ಸುತ್ತಿನ ಕೊನೆಯ ಪ್ರಶ್ನೆಯಾಗಿ ಹಲ್ಮಿಡಿಯನ್ನು ಇಡಿ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಈ ಹಳ್ಳಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಶಾಸನವನ್ನು ಶಾಲೆಯ ಪಠ್ಯದಲ್ಲಿ ಓದದವರಿಲ್ಲ. ಆ ಶಾಸನದಲ್ಲಿ ಊರಿನ ಹೆಸರು ‘ಪಲ್ಮಡಿ’ ಎಂದಿದೆ. ಅದರ ಜೊತೆಗೇ ದತ್ತಿಯಾಗಿ ಕೊಟ್ಟ ಇನ್ನೊಂದು ಊರು ‘ಮೂೞಿವಳ್ಳಿ’, ಅಲ್ಲಿ ‘ಪಳ್ಳಿ’ ಸಮಾಸದೊಳಗೆ ಸೇರಿ ‘ವಳ್ಳಿ’ಯಾಗಿದೆ. ಹೀಗಾಗಿ ನಡುವಿನ ಪಕಾರ ವಕಾರವಾಗುವುದು ಹದಿನೈದು ಶತಮಾನಗಳ ಹಿಂದೆಯೇ ಇತ್ತು, ಮೊದಲಿನ ಪಕಾರ ಹಕಾರವಾಗುವುದು ಬಹಳ ತಡವಾಗಿ ಬಂದಿತು ಎಂಬ ಎರಡು ಸಂಗತಿಗಳಿಗೂ ಒಂದೇ ಕಲ್ಲು ಸಾಕ್ಷಿಯಾಗಿದೆ. ಶಾಸನದ ಚಿತ್ರವನ್ನು ಮುದ್ರಿಸಿ ತಂದರೆ ದೊಡ್ಡವರೂ ಕುರ್ಚಿ ಬಿಟ್ಟು ಎದ್ದು ಬರುತ್ತಾರೆ.

ಗಾದೆ, ಕಾಗುಣಿತ ಮತ್ತು ಆಡುನುಡಿ

ಗಾದೆಯನ್ನು ಹಳಗನ್ನಡದ ಕಡೆಗೆ ತಿರುಗಿಸುವ ಆಟ ಚಿಕ್ಕ ಮಕ್ಕಳಿಗೂ ಹಿಡಿಸುತ್ತದೆ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬುದರಲ್ಲಿ ಮೂರು ಹಕಾರಗಳಿವೆ. ಮೂರನ್ನೂ ಪಕಾರ ಮಾಡಿ ಜೋರಾಗಿ ಹೇಳಿಸಿದರೆ ನಗು ತಾನಾಗಿಯೇ ಬರುತ್ತದೆ. ‘ಹೆತ್ತವರಿಗೆ ಹೆಗ್ಗಣ ಮುದ್ದು’, ‘ಹನಿ ಹನಿ ಕೂಡಿದರೆ ಹಳ್ಳ’, ‘ಹಿತ್ತಲ ಗಿಡ ಮದ್ದಲ್ಲ’ ಇವೂ ಆಗುತ್ತವೆ. ‘ಹೆತ್ತವರು’ ಎಂಬ ಪದಕ್ಕೆ ಅರ್ಥದಲ್ಲಿ ಹತ್ತಿರವಾದ ‘ಹಡೆ’ ಮತ್ತು ಅದರ ಜೋಡಿಯಾದ ‘ಪಡೆ’ಗಳ ಬಗ್ಗೆ ಎರಡು ಮಾತು ಹೇಳಬಹುದು. ಹಳಗನ್ನಡದ ‘ಪಡೆ’ ಎಂಬ ಒಂದೇ ಧಾತುವಿಗೆ ಹೊಂದು, ಹೆರು ಎಂಬ ಎರಡೂ ಅರ್ಥಗಳಿದ್ದವು; ಇಂದು ತಾಯಿ ‘ಹಡೆಯುತ್ತಾಳೆ’, ವಿದ್ಯಾರ್ಥಿ ಅಂಕ ‘ಪಡೆಯುತ್ತಾನೆ’. ಎರಡು ಅರ್ಥಗಳು ಎರಡು ಅಕ್ಷರಗಳನ್ನು ಹಂಚಿಕೊಂಡಿವೆ.

ಕಾಗುಣಿತದ ಸುತ್ತು ಚಿಕ್ಕದಾಗಿರಲಿ. ಬ್ರಹ್ಮ, ಚಿಹ್ನೆ, ಮಧ್ಯಾಹ್ನ, ಆಹ್ವಾನ, ಜಿಹ್ವೆ, ಪ್ರಹ್ಲಾದ ಎಂಬ ಆರು ಪದಗಳನ್ನು ಹೇಳಿ ಬರೆಸಿದರೆ ಸಾಕು. ಇವುಗಳಲ್ಲಿ ಹಕಾರವನ್ನು ಮೊದಲು ಬರೆದರೂ ಹೆಚ್ಚಿನವರು ಅದನ್ನು ನಂತರ ಉಚ್ಚರಿಸುವುದರಿಂದ ಒತ್ತಕ್ಷರ ತಿರುಗಾಮುರುಗಾ ಆಗುತ್ತದೆ.

ಆಡುನುಡಿಯ ವಿಷಯವನ್ನು ಮಾತ್ರ ಜಾಗ್ರತೆಯಿಂದ ತೆಗೆದುಕೊಳ್ಳಬೇಕು. ಮೈಸೂರು ಮಂಡ್ಯಗಳ ಕಡೆಯ ಹಳ್ಳಿಗಳಲ್ಲಿ ಹಾಲು ‘ಆಲು’ ಆಗುವುದನ್ನು, ಹೋಗು ‘ಓಗು’ ಆಗುವುದನ್ನು ಹಾಸ್ಯದ ವಸ್ತುವಾಗಿ ಬಳಸುವ ರೂಢಿ ವೇದಿಕೆಗಳಲ್ಲಿದೆ. ಈ ಕಾರ್ಯಕ್ರಮದಲ್ಲಿ ಅದನ್ನು ಮಾಡಬಾರದೆಂದು ನನ್ನ ಅಭಿಪ್ರಾಯ, ಏಕೆಂದರೆ ಪಕಾರ ಸವೆದು ಹಕಾರವಾಯಿತು, ಹಕಾರ ಸವೆದು ಸ್ವರ ಮಾತ್ರ ಉಳಿಯಿತು ಎಂಬುದು ಒಂದೇ ನಡಿಗೆಯ ಎರಡು ಹೆಜ್ಜೆಗಳು; ಮೊದಲ ಹೆಜ್ಜೆಯನ್ನು ಸಾಹಿತ್ಯವೆಂದು ಗೌರವಿಸಿ ಎರಡನೆಯದನ್ನು ತಪ್ಪೆಂದು ನಗುವುದಕ್ಕೆ ಭಾಷೆಯ ಒಳಗಿನಿಂದ ಯಾವ ಕಾರಣವೂ ಇಲ್ಲ. ಗಡಿಯಾಚೆ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. ತಮಿಳುನಾಡಿನಲ್ಲಿರುವ ನಮ್ಮ ಹೊಸೂರನ್ನು ತಮಿಳಿನಲ್ಲಿ ‘ಓಸೂರ್’ ಎಂದು ಬರೆಯುತ್ತಾರೆ, ಹೊಗೆನಕಲ್ಲನ್ನು ‘ಒಕೇನಕ್ಕಲ್’ ಎಂದು ಬರೆಯುತ್ತಾರೆ. ತಮಿಳಿನ ಸ್ವಂತ ಪದವಾದರೆ ಹೊಗೆಗೆ ‘ಪುಗೈ’ ಎನ್ನಬೇಕಿತ್ತು. ಹೆಸರು ಕನ್ನಡದ್ದೆಂಬುದನ್ನು ಆ ಪಕಾರದ ಗೈರುಹಾಜರಿಯೇ ಹೇಳುತ್ತದೆ.

ಬಿಗಿ ಸ್ಪರ್ಧೆಯಲ್ಲಿ ತಂಡಗಳು ಸಮವಾಗಿ ನಿಂತರೆ ಬಳಸಲು ಒಂದು ಕಠಿಣ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡಿರಿ: ‘ಹೌದು’ ಎಂಬ ಪದದ ಹಕಾರ ಎಲ್ಲಿಯದು? ಅದು ಪದದ ಮೊದಲ ಪಕಾರವಲ್ಲ, ನಡುವಿನದು. ಹಳಗನ್ನಡದ ‘ಅಪ್ಪುದು’ ನಡುಗನ್ನಡದಲ್ಲಿ ‘ಅಹುದು’ ಆಗಿ, ಕೊನೆಗೆ ಹಕಾರ ಪದದ ಮೊದಲಿಗೆ ಜಿಗಿದು, ‘ಅ’ ಮತ್ತು ‘ಉ’ ಕೂಡಿ ‘ಹೌದು’ ಆಯಿತು. ದ್ವಿತ್ವ ಬದಲಾಗುವುದಿಲ್ಲ ಎಂದು ಸ್ವಲ್ಪ ಹೊತ್ತಿಗೆ ಮುಂಚೆ ಕಲಿತವರು ಇಲ್ಲಿ ಆಕ್ಷೇಪಣೆ ಎತ್ತಿದರೆ ಅವರಿಗೆ ಒಂದು ಅಂಕ ಹೆಚ್ಚಿಗೆ ಕೊಡಿ. ತುಂಬ ಬಳಕೆಯ ಪದಗಳು ಹೀಗೆ ನಿಯಮ ಮೀರಿ ಸವೆಯುವುದುಂಟು. ಸಭೆಯಲ್ಲಿ ಹವ್ಯಕರಿದ್ದರೆ ಕರಾವಳಿಯ ಹವಿಗನ್ನಡದಲ್ಲಿ ಹೌದು ಎನ್ನಲು ಇಂದಿಗೂ ‘ಅಪ್ಪು’ ಎನ್ನುವುದನ್ನು ಅವರೇ ಹೇಳಿತೋರಿಸುತ್ತಾರೆ.

ಮುಂದಿನ ಸಲಕ್ಕೆ ‘ಬ’ಕಾರವನ್ನು ಆರಿಸಿಕೊಳ್ಳಬಹುದು. ತಮಿಳಿನ ವಾಳೈ, ವಿಲ್, ವೇರ್, ವೆಳ್ಳಿಗಳು ನಮ್ಮಲ್ಲಿ ಬಾಳೆ, ಬಿಲ್ಲು, ಬೇರು, ಬೆಳ್ಳಿಗಳಾಗಿವೆ. ಸಂಸ್ಕೃತದ ವನ, ವರ್ಣ, ವಸತಿ, ವ್ಯವಸಾಯಗಳು ಬನ, ಬಣ್ಣ, ಬಸದಿ, ಬೇಸಾಯಗಳಾಗಿವೆ. ಚೀಟಿ ಬರೆಯಲು ಆರಂಭಿಸಲು ಇಷ್ಟು ಸಾಕು.